ಸೋಲುವುದಕ್ಕೆ ತಕ್ಕ ಗುಂಡು

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಕನ್ನಡಿಗರಲ್ಲಿ ಪಿಸ್ತೂಲಿನ ಲೈಸೆನ್ಸ್ ಪಡೆದ ಮೊದಲನೆಯವನು ನಮ್ಮ ಶಿವಕುಮಾರ. ಇದನ್ನು ಕೇಳಿ ಯಾರೂ ಅವನನ್ನು ಶೂರನೆಂದು ತಿಳಿಯಬೇಕಾಗಿಲ್ಲ. ತುಮಕೂರಿನಲ್ಲಿದ್ದಾಗ ಜಿರಲೆ ಕಂಡರೆ ಮಂಚ ಹತ್ತುತ್ತಿದ್ದವನು ಅವನು. ಈ ಚಳಿಯ ದೇಶದಲ್ಲಿ ಅವನ ಮನೆಗೆ ಜಿರಲೆ ಬಂದಿಲ್ಲವಾದ್ದರಿಂದ ಆ ವಿಷಯ ಇಲ್ಲಿ ಯಾರಿಗೂ ಗೊತ್ತಾಗಿಲ್ಲ, ಅಷ್ಟೆ. ಅವನು ಪಿಸ್ತೂಲು ಹಿಡಿದದ್ದು ಯಾರನ್ನೂ ಹೊಡೆಯಲಿಕ್ಕಲ್ಲ, ಕೆಲಸ ಉಳಿಸಿಕೊಳ್ಳಲಿಕ್ಕೆ.

ನಾನು ಅವನ ಮೇಲಿನ ಮಹಡಿಯಲ್ಲಿರುವವನು. ಅವನ ಮನೆಯ ಒಗ್ಗರಣೆಯ ಘಾಟು ನನ್ನ ಬಾಲ್ಕನಿಗೆ ಬರುತ್ತದೆ. ಅವನ ಕಷ್ಟಸುಖಗಳೂ ಅದೇ ದಾರಿಯಲ್ಲಿ ಬರುತ್ತವೆ. ಈ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವಳು ಅವನ ಹೆಂಡತಿ ನೀರಜಾ ಒಬ್ಬಳೇ. ಅವಳು ಇದನ್ನು ಹೇಳುವ ಮನಸ್ಸಿನಲ್ಲಿಲ್ಲ.

ಎಲ್ಲಕ್ಕೂ ಮೂಲ ಹಯವದನ. ನಮ್ಮ ಕನ್ನಡ ಕೂಟದ ಅಧ್ಯಕ್ಷ. ನಾವೆಲ್ಲ ಬರುವುದಕ್ಕೆ ಎಷ್ಟೋ ಮೊದಲೇ ಬಂದು, ಪಾಸ್‌ಪೋರ್ಟನ್ನೂ ಬದಲಾಯಿಸಿಕೊಂಡು, ಈಗ ಹೊಸಬರಿಗೆ ಬದುಕುವುದು ಹೇಗೆಂದು ಕಲಿಸುವುದರಲ್ಲೇ ಶನಿವಾರ ಭಾನುವಾರ ಕಳೆಯುವ ಮಹಾನುಭಾವ. ಕೇಳದಿದ್ದರೂ ಸಲಹೆ ಕೊಡುತ್ತಾನೆ. ಕೇಳಿದರಂತೂ ಊಟಕ್ಕೂ ನಿಲ್ಲುತ್ತಾನೆ. ಶಿವಕುಮಾರ ಬಂದು ಇಲ್ಲಿನ ಟ್ರಾನ್ಸ್‌ಫಾರ್ಮರ್ ಕಂಪನಿಯೊಂದಕ್ಕೆ ಸೇರಿದ ವಾರವೇ ಇವನು ಅವರ ಮನೆಗೆ ಹೋಗಿ, ಉಪ್ಪಿಟ್ಟು ತಿಂದು, ತನ್ನ ಸಿದ್ಧಾಂತ ಮಂಡಿಸಿದ.

“ನೋಡೋ ಶಿವು, ಇಲ್ಲಿ ಕೆಲಸ ನೋಡಿ ಯಾರನ್ನೂ ಇಟ್ಕೊಳಲ್ಲ. ಕೆಲಸ ಎಲ್ರೂ ಮಾಡ್ತಾರೆ. ನಿನ್ ಬಾಸ್ ವೀಕೆಂಡಲ್ಲಿ ಏನ್ ಮಾಡ್ತಾನೆ ಅಂತ ಪತ್ತೆ ಹಚ್ಚು. ಅದನ್ನೇ ನೀನೂ ಮಾಡು. ಇದಕ್ಕೇ ಇಂಟಿಗ್ರೇಶನ್ ಅನ್ನೋದು.”

ಈ ಸಿದ್ಧಾಂತದಿಂದ ನಮ್ಮ ಜನ ಪಟ್ಟ ಪಾಡು ಸ್ವೀಡಿಷ್ ಆಸ್ಪತ್ರೆಗಳಿಗೆ ಗೊತ್ತು. ಶಿವಕುಮಾರನ ಆಫೀಸಿನಲ್ಲೇ ಇರುವ ಸಂದೀಪ್ ತನ್ನ ಹಿಂದಿನ ಕಂಪನಿಯ ಮ್ಯಾನೇಜರನ ಹಿಂದೆ ಹಿಮದಲ್ಲಿ ಜಾರಲು ಹೋಗಿ ಒಂದು ಚಳಿಗಾಲವಿಡೀ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಇನ್ನೊಬ್ಬ, ಬಾಸ್ ಮುಳುಗುತ್ತಾನೆಂದು ಹೆಪ್ಪುಗಟ್ಟಿದ ಸರೋವರದ ತೂತಿನಲ್ಲಿ ತಾನೂ ಮುಳುಗಿ, ನ್ಯುಮೋನಿಯಾ ತಂದುಕೊಂಡ. ಇಬ್ಬರ ಬಾಸುಗಳೂ ನೋಡಲು ಬಂದಿರಲಿಲ್ಲ. ಇಲ್ಲಿನವರ ದೃಷ್ಟಿಯಲ್ಲಿ ಕಾಯಿಲೆ ಅವರವರ ಸ್ವಂತ ವಿಷಯ. ಆದರೂ ಸಿದ್ಧಾಂತಕ್ಕೆ ಮಾತ್ರ ಏನೂ ಆಗಲಿಲ್ಲ.

ಶಿವಕುಮಾರನ ಬಾಸ್ ಲೆನ್ನಾರ್ಟ್. ಉದ್ದನೆಯ, ಮಾತು ಕಡಿಮೆಯ, ಯಾರ ತಟ್ಟೆಯಲ್ಲೂ ಕೈಯಿಡದ ಮನುಷ್ಯ. ಅವನ ವೀಕೆಂಡು ಕಳೆಯುವುದು ಊರಾಚೆ ಕಾಡಿನಂಚಿನ ಪಿಸ್ತೂಲ್ ಕ್ಲಬ್ಬಿನಲ್ಲಿ ಎಂದು ಪತ್ತೆಯಾಯಿತು. ಶಿವಕುಮಾರ ಮರುವಾರವೇ ಆ ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ.

ಸ್ವೀಡನ್ನಿನಲ್ಲಿ ಪಿಸ್ತೂಲು ಕೈಗೆ ಬರುವುದು ಅಷ್ಟು ಸುಲಭವಲ್ಲ. ಕ್ಲಬ್ಬಿಗೆ ಸೇರಬೇಕು, ಪರೀಕ್ಷೆ ಬರೆಯಬೇಕು, ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆದು ಹೊಡೆದು ಚಿನ್ನದ ಬಿಲ್ಲೆ ಗಳಿಸಬೇಕು, ಆಮೇಲೆ ಪೊಲೀಸರು ಒಪ್ಪಬೇಕು. ಶಿವಕುಮಾರ ಎಲ್ಲವನ್ನೂ ಮಾಡಿದ. ಕೊನೆಗೆ ನೀರಜಾಳ ರೇಷ್ಮೆ ಸೀರೆಗಳಿದ್ದ ವಾರ್ಡ್‌ರೋಬಿನಲ್ಲಿ ಅರ್ಧ ಜಾಗ ತೆರವಾಗಿ ಉಕ್ಕಿನ ಕಪಾಟು ಬಂತು. ಅತ್ತೆ ವಿಡಿಯೋ ಕಾಲಿನಲ್ಲಿ ಅದನ್ನು ನೋಡಿ, “ಏನೇ ನೀರಜಾ, ಅಳಿಯಂದ್ರಿಗೆ ಅಲ್ಲಿ ಅಷ್ಟೊಂದು ಶತ್ರುಗಳಿದಾರಾ?” ಎಂದು ಕೇಳಿದರು.

“ಇಲ್ಲಮ್ಮ, ಬಾಸ್ ಇದಾರೆ,” ಎಂದಳು ನೀರಜಾ.

ಇಷ್ಟಾಗಿ ಒಂದು ಅನಾಹುತ ಸಂಭವಿಸಿತು. ಶಿವಕುಮಾರ ಚೆನ್ನಾಗಿ ಹೊಡೆಯತೊಡಗಿದ.

ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ, ಅವನಂತೂ ಇಲ್ಲವೇ ಇಲ್ಲ. ಬದುಕಿನಲ್ಲಿ ಯಾವುದಕ್ಕೂ ಗಟ್ಟಿಯಾಗಿ ನಿಲ್ಲದ ಅವನ ಕೈ ಪಿಸ್ತೂಲು ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಶರತ್ಕಾಲದ ಸುತ್ತುಗಳು ಮುಗಿದಾಗ ಕ್ಲಬ್ಬಿನ ಫೈನಲ್ಲಿಗೆ ಬಂದವರಲ್ಲಿ ಮೊದಲನೆಯವನು ಶಿವಕುಮಾರ, ಎರಡನೆಯವನು ಲೆನ್ನಾರ್ಟ್. ಲೆನ್ನಾರ್ಟ್ ಆ ಮಟ್ಟಿಗೆ ಬರಲು ಅರ್ಧ ಆಯುಸ್ಸು ಕಳೆದಿದ್ದ. ಫೈನಲ್ ನವೆಂಬರಿನ ಒಂದು ಶನಿವಾರ.

ಸರಿಯಾಗಿ ಅದೇ ಹೊತ್ತಿಗೆ ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಇಲ್ಲಿ ಅದಕ್ಕೂ ಒಂದು ಕ್ರಮವಿದೆ. ಕೊನೆಗೆ ಸೇರಿದವನು ಮೊದಲು ಹೋಗಬೇಕು. ಅವರ ವಿಭಾಗದಲ್ಲಿ ಕೊನೆಗೆ ಸೇರಿದವನು ಶಿವಕುಮಾರ. ಅವನಿಗಿಂತ ಒಂದು ಬೇಸಿಗೆ ಮೊದಲು ಬಂದವನು ಸಂದೀಪ್. ಆದರೆ ಮೂವರನ್ನು ಮಾತ್ರ, ಇವರಿಲ್ಲದೆ ನಡೆಯುವುದಿಲ್ಲ ಎಂದು ವಿಭಾಗದ ಮುಖ್ಯಸ್ಥ ಹೆಸರಿಸಿ ಉಳಿಸಿಕೊಳ್ಳಬಹುದು. ಮುಖ್ಯಸ್ಥ ಲೆನ್ನಾರ್ಟ್. ಹೆಸರುಗಳನ್ನು ತೀರ್ಮಾನಿಸುವ ಸಭೆ ಫೈನಲ್ಲಿನ ನಂತರದ ಬುಧವಾರ.

ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ. ಪರ್ಮನೆಂಟ್ ಆಗಲು ಅವನಿಗೆ ಇನ್ನೊಂದು ಚಳಿಗಾಲ ಬಾಕಿಯಿತ್ತು. ಮಗಳು ಐಶ್ವರ್ಯಾ ಒಂಬತ್ತನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ ಕೊಡುವ ಹುಡುಗಿ. ನೀರಜಾ ಭಾಷೆ ಕಲಿತು, ಹಿಮದಲ್ಲಿ ಸೈಕಲ್ ತುಳಿಯಲು ಕಲಿತು, ಆಗ ತಾನೆ ಒಂದು ದಾಗಿಸಿನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಗಂಟೆ ಲೆಕ್ಕದ ಕೆಲಸ ಹಿಡಿದಿದ್ದಳು. ಆ ಸಂಬಳಕ್ಕೆ ಯಾರೂ ಪರ್ಮಿಟ್ ಕೊಡುವುದಿಲ್ಲ. ಹೀಗೆ ಮೂರು ಜನರ ಬದುಕು ಲೆನ್ನಾರ್ಟ್ ಬುಧವಾರ ಬಾಯಿಬಿಟ್ಟು ಹೇಳುವ ಹೆಸರಿನ ಮೇಲೆ ನಿಂತಿತ್ತು.

ಶಿವಕುಮಾರ ಫೈನಲ್ಲಿನ ವಿಷಯ ಹೇಳಿದಾಗ ಹಯವದನನ ಕೈಯಲ್ಲಿದ್ದ ಕಾಫಿ ಲೋಟ ಬೀಳುವುದೊಂದು ಬಾಕಿ.

“ಏನು? ಬಾಸ್‌ನ ಸೋಲಿಸ್ತೀಯಾ? ಈ ಟೈಮಲ್ಲಾ? ತಲೆ ಕೆಟ್ಟಿದ್ಯೇನೋ ನಿಂಗೆ?”

“ನಾನೇನ್ ಬೇಕಂತ ಮಾಡಿದ್ನಾ? ಬೀಳ್ತಾ ಇದೆ.”

“ಬೀಳ್ತಾ ಇದ್ರೆ ಬೀಳ್ಸ್‌ಬೇಡ! ಗುರಿ ತಪ್ಸು! ಗೋಡೆಗೆ ಹೊಡಿ!”

“ಆಗಲ್ಲ ಹಯವದನ್, ಕ್ಲಬ್ಬಿನವ್ರು ಹಿಂದೆ ದೂರದರ್ಶಕ ಇಟ್ಕೊಂಡು ನಿಂತಿರ್ತಾರೆ. ನನ್ನ ಕೈ ಅವ್ರಿಗೆ ಚೆನ್ನಾಗಿ ಗೊತ್ತು. ಬೇಕಂತ ತಪ್ಸಿದ್ರೆ ಥಟ್ಟಂತ ಕಂಡ್ಹಿಡೀತಾರೆ.”

ಹಯವದನ ಕಣ್ಣು ಮುಚ್ಚಿ ಯೋಚಿಸಿದ. ಅವನು ಯೋಚಿಸುವಾಗ ಮನೆಯವರೆಲ್ಲ ಸುಮ್ಮನಿರಬೇಕೆಂದು ನಿಯಮ. “ಹಾಗಾದ್ರೆ ತಪ್ಪು ನಿನ್ನ ಕೈಯಲ್ಲಿರಬಾರದು. ಗುಂಡಲ್ಲಿರಬೇಕು,” ಎಂದ.

ಕ್ಲಬ್ಬಿನ ಹಳಬರು ಅಂಗಡಿಯ ತೋಟಾ ಬಳಸುವುದಿಲ್ಲ. ಹಿತ್ತಾಳೆಯ ಖಾಲಿ ಕೋಶಕ್ಕೆ ಮದ್ದು ಹಾಕಿ, ಮೇಲೆ ಸೀಸದ ಎರಕದ ಗುಂಡು ಕೂರಿಸಿ, ತಮ್ಮ ಕೈಯಾರೆ ತುಂಬಿಕೊಳ್ಳುತ್ತಾರೆ. ಗುಂಡು ಹಗುರವಿರಬೇಕೋ ಭಾರವಿರಬೇಕೋ ಎಂಬುದು ಅವರಿಗೆ ಚಳಿಗಾಲವಿಡೀ ಮುಗಿಯದ ಚರ್ಚೆ. ಶಿವಕುಮಾರ ಅದುವರೆಗೆ ಅಂಗಡಿಯ ಹಗುರ ಗುಂಡಿನ ತೋಟಾವನ್ನೇ ಬಳಸುತ್ತಿದ್ದ.

“ಭಾರದ್ದು ಹಾಕು,” ಎಂದ ಹಯವದನ. “ಲಾರಿಗೆ ಓವರ್‌ಲೋಡ್ ಮಾಡಿದ್ರೆ ಏನಾಗತ್ತೆ? ಏದುಸಿರು ಬಿಟ್ಕೊಂಡು ಹೋಗತ್ತೆ. ಗುಂಡೂ ಅಷ್ಟೇ. ದಾರೀಲೇ ಬಿದ್ದೋಗತ್ತೆ.”

ಶಿವಕುಮಾರ ಎಂಜಿನಿಯರು. ಲಕ್ಷಾಂತರ ವೋಲ್ಟಿನ ಟ್ರಾನ್ಸ್‌ಫಾರ್ಮರು ಬಿಸಿಯಾಗದಂತೆ ನೋಡಿಕೊಳ್ಳುವ ಲೆಕ್ಕ ಮಾಡುವವನು. ಇಪ್ಪತ್ತೈದು ಮೀಟರು ಹೋಗುವಷ್ಟರಲ್ಲಿ ಗುಂಡು ನೆಲಕ್ಕೆ ಬೀಳುವುದಿಲ್ಲವೆಂದು ಅವನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಆದರೆ ಕೆಲಸದ ಭಯ ಹೊಕ್ಕ ತಲೆಯಲ್ಲಿ ಭೌತಶಾಸ್ತ್ರಕ್ಕೆ ಜಾಗವಿರುವುದಿಲ್ಲ. ಅವನು ತಲೆಯಾಡಿಸಿದ.

ಕ್ಲಬ್ಬಿನಲ್ಲಿ ಗುಂಡು ಮಾರುವವಳು ಗುನಿಲ್ಲಾ. ನಿವೃತ್ತ ಗ್ರಂಥಪಾಲಕಿ, ಪುಸ್ತಕ ಕೊಟ್ಟಷ್ಟೇ ಶ್ರದ್ಧೆಯಿಂದ ಗುಂಡು ಕೊಡುತ್ತಾಳೆ. ಅವಳು ಮೂರು ಡಬ್ಬಿಗಳನ್ನು ಕೌಂಟರಿನ ಮೇಲಿಟ್ಟಳು. ಹಗುರ, ಮಧ್ಯಮ, ಭಾರ. ಮೂರರಲ್ಲೂ ಬೂದುಬಣ್ಣದ, ಮೇಣ ಸವರಿದ ಸೀಸ.

“ಗುಂಡಿನಿಂದ ನಿನಗೆ ಏನಾಗಬೇಕು, ಶಿವ?” ಎಂದು ಕೇಳಿದಳು.

ಸೋಲಬೇಕು ಎಂದು ಹೇಳುವುದು ಹೇಗೆ? “ಭಾರ ಆಗಬೇಕು,” ಎಂದ ಶಿವಕುಮಾರ.

“ಯಾಕೆ?”

“ಭಾರವಾಗಿರಲಿ ಅಂತ.”

ಗುನಿಲ್ಲಾ ಗೌರವದಿಂದ ನೋಡಿದಳು. ಕಾರಣ ಹೇಳದ ಮನುಷ್ಯನಿಗೆ ಆಳವಾದ ಕಾರಣಗಳಿರುತ್ತವೆಂದು ಇಲ್ಲಿನವರ ನಂಬಿಕೆ.

ಸೀಸ ಮನೆಗೆ ಬಂದ ದಿನ ನೀರಜಾ, ಅದು ವಿಷವೆಂದು ಓದಿ, ಮನೆಯಲ್ಲಿ ಹೊಸದೊಂದು ಮಡಿಯನ್ನು ಸ್ಥಾಪಿಸಿದಳು. ಅವಳ ಅಜ್ಜಿ ಆಚರಿಸಿದ್ದಕ್ಕಿಂತ ಇದು ಕಠಿಣ. ಗುಂಡು ಮುಟ್ಟಿದ ಕೈಯಲ್ಲಿ ನಲ್ಲಿ ಮುಟ್ಟುವಂತಿಲ್ಲ. ಆ ಬಟ್ಟೆಯಲ್ಲಿ ಸೋಫಾದ ಮೇಲೆ ಕೂರುವಂತಿಲ್ಲ. ಕೆಲಸ ಮುಗಿಸಿದ ಮೇಲೆ ತಲೆಗೆ ಸ್ನಾನ ಮಾಡಿ, ಬಟ್ಟೆಯನ್ನು ಪ್ರತ್ಯೇಕ ಚೀಲದಲ್ಲಿ ತುಂಬಿ, ಕೆಳಗಿನ ಸಾಮೂಹಿಕ ಬಟ್ಟೆ ಒಗೆಯುವ ಕೋಣೆಗೆ ಅವನೇ ಒಯ್ಯಬೇಕು. ಒಮ್ಮೆ ಅವನು ಮರೆತು ಅಡಿಗೆಮನೆಯ ತಕ್ಕಡಿಯಲ್ಲಿ ಗುಂಡು ತೂಗಿದ. ಆ ತಕ್ಕಡಿಯನ್ನು ಅವಳು ಎಸೆದಳು. ಅವನನ್ನು ಎಸೆಯಲಿಲ್ಲ ಎಂಬುದಷ್ಟೇ ಸಮಾಧಾನ.

“ಬೇರೆಯವ್ರ ಗಂಡಂದ್ರು ಲೇಆಫ್ ಅಂದ್ರೆ ಬೇರೆ ಕೆಲಸ ಹುಡುಕ್ತಾರೆ ಕಣ್ರೀ,” ಎಂದಳು. “ನೀವು ಸೀಸ ಹುಡುಕ್ತಾ ಕೂತಿದೀರ.”

“ನಿಂಗೆ ಅರ್ಥ ಆಗಲ್ಲ ನೀರು. ಇದು ಸ್ಟ್ರಾಟಜಿ.”

ಐಶ್ವರ್ಯಾ ಫೋನಿನಿಂದ ತಲೆಯೆತ್ತಿ, “ಪಾಪಾ, ನೇರವಾಗಿ ಅವರನ್ನೇ ಕೇಳಬಹುದಲ್ಲ,” ಎಂದಳು ಸ್ವೀಡಿಷಿನಲ್ಲಿ. ಮಕ್ಕಳು ಇಲ್ಲಿನ ಶಾಲೆಯಲ್ಲಿ ಕಲಿಯುವುದೇ ಹೀಗೆ. ಕೇಳಬೇಕೆಂದಿದ್ದರೆ ಕೇಳಿಬಿಡುವುದು! ದೊಡ್ಡವರಿಗೆ ನಗು ಬಂತು.

ಮುಂದಿನ ಅಭ್ಯಾಸದ ದಿನ ಶಿವಕುಮಾರ ಭಾರದ ಗುಂಡುಗಳೊಂದಿಗೆ ಕ್ಲಬ್ಬಿಗೆ ಹೋದ. ದೇವರನ್ನು ನೆನೆದು ಹೊಡೆದ. ಗುರಿಫಲಕ ತಂದು ನೋಡಿದರೆ, ಹಿಂದೆಲ್ಲ ಅಂಗೈಯಗಲ ಹರಡುತ್ತಿದ್ದ ತೂತುಗಳು ಒಂದು ಪುಟ್ಟ ಕೋಡುಬಳೆಯ ಅಗಲದಲ್ಲಿ ಕೂತಿದ್ದವು.

ಲೆನ್ನಾರ್ಟ್ ಫಲಕವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. “ಯಾವ ಗುಂಡು?” ಎಂದ.

“ಭಾರದ್ದು,” ಎಂದ ಶಿವಕುಮಾರ, ಅಪರಾಧಿಯ ದನಿಯಲ್ಲಿ.

“ಸರಿಯಾದ್ದನ್ನೇ ಆರಿಸಿದ್ದೀಯ! ಭಾರದ ಗುಂಡು ನಿಧಾನ ಹೋಗುತ್ತದೆ, ಪಿಸ್ತೂಲಿನ ಒದೆತ ಮೆತ್ತಗಾಗುತ್ತದೆ, ಕೈ ಎದ್ದೇಳುವುದಿಲ್ಲ. ಇದನ್ನು ಅರಿಯಲು ನನಗೆ ಹತ್ತು ವರ್ಷ ಬೇಕಾಯಿತು. ನಿನಗೆ ಯಾರು ಹೇಳಿಕೊಟ್ಟರು?”

ಕನ್ನಡ ಕೂಟದ ಅಧ್ಯಕ್ಷರು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಸುದ್ದಿ ಕೇಳಿ ಹಯವದನ ರೇಗಿದ. ಭಾರ ಸಾಲದು, ಇನ್ನೂ ಭಾರ ಬೇಕು ಎಂದ. ಸಂದೀಪ್ ಬಂದು, ಗುಂಡಿನ ಆಕಾರವನ್ನೇ ಬದಲಾಯಿಸು ಎಂದ. ಕೂಟದ ಇನ್ಯಾರೋ ಮೂತಿ ಚಪ್ಪಟೆ ಇರಲಿ ಎಂದರು. ಒಬ್ಬರೂ ಜನ್ಮದಲ್ಲಿ ಪಿಸ್ತೂಲು ಮುಟ್ಟಿದವರಲ್ಲ. ಆದರೂ ಅಭಿಪ್ರಾಯ ಇಲ್ಲದವರು ಯಾರೂ ಇರಲಿಲ್ಲ. ನಾನೂ ಸುಮ್ಮನಿರಲಾರದೆ ಮಧ್ಯಮದ್ದಕ್ಕೆ ಮತ ಹಾಕಿದೆ. ಶಿವಕುಮಾರ ಪಕ್ಕದೂರಿನ ರೈತನೊಬ್ಬ ತನ್ನ ಶೆಡ್ಡಿನಲ್ಲಿ ಎರಕ ಹೊಯ್ಯುತ್ತಿದ್ದ, ಆ ಅಳತೆಯ ಪಿಸ್ತೂಲಿಗೆ ಸಿಗುವ ಅತ್ಯಂತ ದಢೂತಿ ಗುಂಡನ್ನು ತಂದ. ಈ ಸಲ ತೂತುಗಳು ಒಂದರ ಮೇಲೊಂದು ಬಿದ್ದವು. ಲೆನ್ನಾರ್ಟ್ ಆ ಫಲಕದ ಫೋಟೋ ತೆಗೆದು ಕ್ಲಬ್ಬಿನ ಗೋಡೆಗೆ ಅಂಟಿಸಿದ. ಅದರ ಕೆಳಗೆ ಶಿವಕುಮಾರನ ಹೆಸರನ್ನು, ಒಂದಕ್ಷರ ತಪ್ಪದೆ, ತಾನೇ ಬರೆದ.

ಅಂದು ಸಂಜೆ ಶಿವಕುಮಾರ ನನ್ನ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಗೆಲುವು ಒಬ್ಬ ಮನುಷ್ಯನನ್ನು ಇಷ್ಟು ಇಳಿಸಿಬಿಡಬಲ್ಲದೆಂದು ನಾನು ಅದುವರೆಗೆ ಕಂಡಿರಲಿಲ್ಲ.

ಪಾರಾಗುವ ದಾರಿಯನ್ನು ಕೊನೆಗೆ ತೋರಿಸಿದವನು ಲೆನ್ನಾರ್ಟನೇ. ಫೈನಲ್ಲಿಗೆ ಮೊದಲಿನ ವಾರ ಅವನು ಪಕ್ಕಕ್ಕೆ ಕರೆದು ಹೇಳಿದ: “ಒಂದು ಎಚ್ಚರ, ಶಿವ. ಫೈನಲ್ಲಿನಲ್ಲಿ ವೇಗ ಅಳೆಯುವ ಯಂತ್ರ ಇಡುತ್ತಾರೆ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿದರೆ ಒಂದು ಮಿತಿಗಿಂತ ಹೆಚ್ಚು ಬರಬೇಕು. ಇಲ್ಲದಿದ್ದರೆ ಆಟಿಕೆಯ ತೋಟಾ ಎಂದು ನಿನ್ನ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಭಾರದ ಗುಂಡು ಬಳಸುವವರು ಮದ್ದು ಕಡಿಮೆ ಹಾಕಿ ಇಲ್ಲಿ ಎಡವುತ್ತಾರೆ. ಚಳಿಯಲ್ಲಿ ವೇಗ ಇನ್ನೂ ತಗ್ಗಬಹುದು. ಹುಷಾರು.”

ಪ್ರತಿಸ್ಪರ್ಧಿಗೆ ಇಷ್ಟು ಒಳ್ಳೆಯ ಸಲಹೆ ಕೊಡುವವನ ಮುಖವನ್ನು ಶಿವಕುಮಾರ ಸರಿಯಾಗಿ ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ನೋಡಲಿಲ್ಲ. ಅವನ ಕಿವಿಗೆ ಬಿದ್ದದ್ದು ಎಡವುವ ದಾರಿ ಮಾತ್ರ. ಅದೇ ದಢೂತಿ ಗುಂಡಿಗೆ ಒಂದು ಚಿಟಿಕೆ ಮದ್ದು ಕಡಿಮೆ ಹಾಕಿ ಫೈನಲ್ಲಿನ ತೋಟಾ ತುಂಬಿದ.

ಫೈನಲ್ ದಿನ ಉಸಿರು ಬಿಟ್ಟರೆ ಹೊಗೆ ಬರುವಷ್ಟು ಚಳಿ. ಕನ್ನಡ ಕೂಟದಿಂದ ಹಯವದನ, ಸಂದೀಪ್ ಮತ್ತು ನಾನು ಹೋಗಿದ್ದೆವು. ಸೋಲನ್ನು ಹುರಿದುಂಬಿಸಲು ಚಳಿಯಲ್ಲಿ ಊರಾಚೆಗೆ ಹೋದ ಬೆಂಬಲಿಗರು ಲೋಕದಲ್ಲಿ ನಾವೇ ಇರಬೇಕು. ಗುನಿಲ್ಲಾ ಯಂತ್ರದ ಪಕ್ಕ ಕೂತಿದ್ದಳು. ಶಿವಕುಮಾರ ಅದರ ಮೇಲಿಂದ ಗುಂಡು ಹಾರಿಸಿದ. ಗುನಿಲ್ಲಾ ಗುಣಿಸಿ, ಮತ್ತೆ ಗುಣಿಸಿ, ದುಃಖದಿಂದ ತಲೆಯಾಡಿಸಿದಳು. “ಮಿತಿಗಿಂತ ಕೆಳಗಿದೆ.”

ಹಯವದನ ನನ್ನ ಮೊಣಕೈ ಹಿಂಡಿದ. ಶಿವಕುಮಾರ ಮುಖ ಇಳಿಬಿಟ್ಟು ನಿಂತ. ಅದನ್ನು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ.

ಆದರೆ ಲೆನ್ನಾರ್ಟ್ ಬಿಡಬೇಕಲ್ಲ. “ಒಂದು ನಿಮಿಷ!” ಎಂದು ಮುಂದೆ ಬಂದ. “ಡಬ್ಬಿಯ ಮೇಲೆ ಬರೆದ ತೂಕ ಹಿಡಿದು ಲೆಕ್ಕ ಮಾಡಿದ್ದೀಯ. ಎರಕದ ಗುಂಡು ಎಷ್ಟೋ ಸಲ ಬರೆದದ್ದಕ್ಕಿಂತ ಭಾರ ಇರುತ್ತದೆ. ಒಂದನ್ನು ಕಿತ್ತು ತೂಗು. ನಿಯಮದಲ್ಲಿ ಅವಕಾಶವಿದೆ.”

“ಬೇಡ ಬೇಡ, ಪರವಾಗಿಲ್ಲ,” ಎಂದ ಶಿವಕುಮಾರ.

“ಪರವಾಗಿಲ್ಲ ಎಂದರೇನು? ಅದು ನಿನ್ನ ಹಕ್ಕು!”

ತೋಟಾದಿಂದ ಗುಂಡನ್ನು ಕಿತ್ತು ತಕ್ಕಡಿಯಲ್ಲಿಟ್ಟರು. ರೈತ ಧಾರಾಳಿ, ಗುಂಡು ನಿಜಕ್ಕೂ ಬರೆದದ್ದಕ್ಕಿಂತ ಭಾರವಾಗಿತ್ತು. ಗುನಿಲ್ಲಾಳ ಮುಖ ಅರಳಿತು. ಶಿವಕುಮಾರ ಕಣ್ಣು ಮುಚ್ಚಿ, ತನ್ನನ್ನು ಸೋಲಿಸಿದರೆ ಬಂದು ಉರುಳುಸೇವೆ ಮಾಡುತ್ತೇನೆಂದು ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತ. ಅಂಥ ಹರಕೆ ಆ ಸ್ವಾಮಿಗೂ ಹೊಸದಿರಬೇಕು. ಗುನಿಲ್ಲಾ ಹೊಸ ತೂಕದಿಂದ ಗುಣಿಸಿದಳು. ಕೂದಲೆಳೆಯಷ್ಟು ಕಡಿಮೆ.

“ಇನ್ನೊಮ್ಮೆ ವೇಗ ಅಳೆಯಿರಿ,” ಎಂದ ಲೆನ್ನಾರ್ಟ್. ಅವನ ದನಿ ನಾನು ಕೇಳಿದ್ದರಲ್ಲೇ ದೊಡ್ಡದಾಗಿತ್ತು. “ಚಳಿಗೆ ತೋಟಾ ತಣ್ಣಗಾಗಿದೆ. ಎರಡನೇ ಅವಕಾಶ ಕೊಡಿ.”

ಎರಡನೇ ಅವಕಾಶವನ್ನೂ ಕೊಟ್ಟರು. ಹಿಂದೆ ಹಯವದನ ಗುಸುಗುಟ್ಟುತ್ತಿದ್ದ: “ಈ ಮನುಷ್ಯನಿಗೆ ಗೆಲ್ಲಕ್ಕೆ ಏನ್ ರೋಗ? ತಾನಾಗೇ ಬರ್ತಿದೆ, ತಗೊಳಲ್ವಲ್ಲ!” ಶಿವಕುಮಾರ ಮತ್ತೆ ಹಾರಿಸಿದ. ಮಿತಿಗಿಂತ ಕೆಳಗೇ ಬಂತು. ಸ್ವಾಮಿ ಕೈಬಿಡಲಿಲ್ಲ.

ಅಂಕವಿಲ್ಲದೆ ಹೊಡೆಯಬಹುದು ಎಂದರು. ಕೆಲಸ ಉಳಿಯಿತೆಂಬ ಸಮಾಧಾನದಲ್ಲಿ ಶಿವಕುಮಾರ ನಿಂತು, ಬದುಕಿನಲ್ಲೇ ಅತ್ಯುತ್ತಮವಾಗಿ ಹೊಡೆದ. ಫಲಕದ ನಟ್ಟನಡುವಿನ ಕಪ್ಪು ಹರಿದು ತೂತಾಯಿತು. ಬಹುಮಾನದ ತವರದ ಮಗ್ಗು ಲೆನ್ನಾರ್ಟನಿಗೆ ಹೋಯಿತು. ಅವನು ಅದನ್ನು ಕಂಕುಳಲ್ಲಿ ಅಡಗಿಸಿಕೊಂಡು, “ಇದು ನಿನ್ನದಾಗಬೇಕಿತ್ತು,” ಎಂದ. ಗುನಿಲ್ಲಾ ಶಿವಕುಮಾರನ ಕೈಗೆ ಎರಡು ದಾಲ್ಚಿನ್ನಿ ಬನ್ ಕೊಟ್ಟಳು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಭಾನುವಾರ ಹಯವದನ ಮತ್ತೆ ಬಂದ. ನೀರಜಾ ಬಿಸಿಬೇಳೆಬಾತು ಮಾಡಿದ್ದಳು.

“ಎಲ್ಲಾ ಸರಿ ಹೋಯ್ತು. ಆದ್ರೆ ಒಂದು ಬಾಕಿ ಇದೆ,” ಎಂದ ಅವನು, ಬೂಂದಿ ಉದುರಿಸಿಕೊಳ್ಳುತ್ತ. “ನೀನು ಬಿಟ್ಕೊಟ್ಟಿದ್ದು ಅವನಿಗೆ ಗೊತ್ತಾಗ್ಬೇಕಲ್ವಾ?”

“ಯಾಕೆ?”

“ಯಾಕೆ ಅಂತ ಕೇಳ್ತಾನಲ್ಲಪ್ಪ! ಗೊತ್ತಾಗ್ದಿದ್ರೆ ಅವನಿಗೆ ಋಣ ಹೇಗ್ ಬರತ್ತೆ? ನೀನು ದಡ್ಡ, ಮದ್ದು ಹಾಕೋದು ಗೊತ್ತಿಲ್ಲ ಅಂದ್ಕೊಂಡಿರ್ತಾನೆ. ದಡ್ಡನ್ನ ಯಾರಾದ್ರೂ ಮೂರು ಜನದಲ್ಲಿ ಇಟ್ಕೋತಾರಾ? ನಾಳೆ ಫೀಕಾ ಟೈಮಲ್ಲಿ ಮೆತ್ತಗೆ ಕಿವಿಗೆ ಹಾಕು.”

ನೀರಜಾ ಬಾಗಿಲಲ್ಲಿ ನಿಂತು, “ಬೇಡಾರೀ. ಏನೂ ಹೇಳ್ಬೇಡಿ,” ಎಂದಳು. ಯಾಕೆ ಎಂದು ಕೇಳಿದರೆ ಅವಳಿಗೂ ಸರಿಯಾಗಿ ಹೇಳಲಾಗಲಿಲ್ಲ. ಹೇಳಲಾಗದ ಕಾರಣಗಳನ್ನು ಗುನಿಲ್ಲಾ ಗೌರವಿಸುತ್ತಿದ್ದಳು; ನಮ್ಮ ಶಿವಕುಮಾರ ಗೌರವಿಸಲಿಲ್ಲ.

ಸೋಮವಾರದ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಆ ಮೇಜಿನ ಉಳಿದವರು ಎದ್ದ ಮೇಲೆ, ಅವನು ಲೆನ್ನಾರ್ಟನ ಪಕ್ಕ ಕುರ್ಚಿ ಎಳೆದುಕೊಂಡ. ಇದನ್ನೆಲ್ಲ ಅವನೇ ನನಗೆ ಹೇಳಿದ್ದು. ಪಕ್ಕದ ಮೇಜಿನಲ್ಲಿದ್ದ ಸಂದೀಪನೂ ಹೇಳಿದ. ಇಬ್ಬರ ವರದಿಯೂ ಒಂದೇ.

“ಲೆನ್ನಾರ್ಟ್, ಶನಿವಾರ ಆ ಮದ್ದು ಕಡಿಮೆ ಆಗಿದ್ದು ತಪ್ಪಿ ಆಗಿದ್ದಲ್ಲ.”

“ತಪ್ಪಲ್ಲವೇ?”

“ಅಲ್ಲ. ನಾನೇ ಕಡಿಮೆ ಹಾಕಿದೆ. ನಿಮಗೋಸ್ಕರ. ನೀವು ನಮಗೆ ಹಿರಿಯರು, ಬಾಸು. ನೀವು ಗೆಲ್ಲೋದೇ ಸರಿ ಅಂತ.” ಇಷ್ಟು ಹೇಳಿ ಶಿವಕುಮಾರ ನಕ್ಕ. ಊರಿನಲ್ಲಾದರೆ ಇಂಥ ನಗುವಿಗೆ ಎದುರಿನವನು, ಅಯ್ಯೋ ಇದೆಲ್ಲ ಯಾಕಪ್ಪಾ ಎಂದು ಬೆನ್ನು ತಟ್ಟುತ್ತಾನೆ.

ಲೆನ್ನಾರ್ಟ್ ಬೆನ್ನು ತಟ್ಟಲಿಲ್ಲ. ಕೈಯಲ್ಲಿದ್ದ ಬನ್ನನ್ನು ತಟ್ಟೆಯಲ್ಲಿಟ್ಟ. “ಓಯ್,” ಎಂದ. ಸ್ವೀಡಿಷರು ಹಾಲು ಚೆಲ್ಲಿದರೂ, ಮನೆ ಬಿದ್ದರೂ ಹೇಳುವ ಮಾತು ಅದೊಂದೇ. ಯಾವುದು ಬಿತ್ತೆಂದು ನಾವೇ ತಿಳಿದುಕೊಳ್ಳಬೇಕು. ಆಮೇಲೆ ಎದ್ದು, ತನ್ನ ಲೋಟವನ್ನು ತೊಳೆಯುವ ಯಂತ್ರದಲ್ಲಿಟ್ಟು, ಹೊರಟುಹೋದ. ಅದೇ ಸಂಜೆ ಮಗ್ಗನ್ನು ಕ್ಲಬ್ಬಿಗೆ ಹಿಂತಿರುಗಿಸಿದನಂತೆ. ಮೂರನೆಯ ಸ್ಥಾನದ ವೃದ್ಧರೊಬ್ಬರಿಗೆ ಅದು ಸಿಕ್ಕಿತು.

ಮಂಗಳವಾರ ಅವನು ಶಿವಕುಮಾರನನ್ನು ಕೋಣೆಗೆ ಕರೆದ. ಮೇಜಿನ ಆಚೆ ಎಚ್‌ಆರ್‌ನ ಹೆಂಗಸೊಬ್ಬಳೂ ಇದ್ದಳು.

“ಶಿವ, ನಾಳೆಯ ಸಭೆಯಲ್ಲಿ ನಾನು ಇರುವುದಿಲ್ಲ,” ಎಂದ ಲೆನ್ನಾರ್ಟ್. “ಅದನ್ನು ನಿನಗೆ ನಾನೇ ಹೇಳಬೇಕು ಅನ್ನಿಸಿತು.”

“ಯಾಕೆ? ಹುಷಾರಿಲ್ವಾ?” ಎಂದ ಶಿವಕುಮಾರ, ನಿಜವಾದ ಕಳವಳದಿಂದ.

“ಹುಷಾರಾಗಿದ್ದೇನೆ. ನಾನು ಯೇವ್.”

ಯೇವ್ ಎಂದರೆ ಇಲ್ಲಿ ದೊಡ್ಡ ಮಾತು. ಯಾರ ವಿಷಯ ತೀರ್ಮಾನಿಸಬೇಕೋ ಅವನಿಂದ ಏನಾದರೂ ಉಪಕಾರ ಪಡೆದವನು, ಅವನಿಗೆ ನಂಟನಾದವನು, ಆ ಕುರ್ಚಿಯಿಂದ ಎದ್ದು ಹೋಗಬೇಕು. ಯಾರೂ ಎಬ್ಬಿಸಬೇಕಾಗಿಲ್ಲ, ತಾನೇ ಏಳುತ್ತಾನೆ.

“ಕ್ಲಬ್ಬಿನಲ್ಲಿ ನಿನ್ನ ಪರಿಚಯವಿದೆ ಎಂದು ಕಂಪನಿಗೆ ಮೊದಲೇ ಹೇಳಿಕೊಂಡಿದ್ದೆ. ಪರಿಚಯ ಇದ್ದರೆ ತೊಂದರೆಯಿಲ್ಲ. ಆದರೆ ನೀನು ನನಗೆ ಒಂದು ಗೆಲುವನ್ನು ಕೊಟ್ಟೆ. ಈ ಸಮಯದಲ್ಲಿ, ಈ ಕಾರಣಕ್ಕೆ ಕೊಟ್ಟೆ. ಇನ್ನು ನಾನು ನಿನ್ನ ಹೆಸರು ಹೇಳಿದರೆ ಅದು ಏನಾಗುತ್ತದೆ, ನೀನೇ ಯೋಚಿಸು.”

“ನನ್ನ ಹೆಸರು?” ಎಂದ ಶಿವಕುಮಾರ.

ಲೆನ್ನಾರ್ಟ್ ಎಚ್‌ಆರ್‌ನವಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. “ಮೂರರಲ್ಲಿ ಮೊದಲ ಹೆಸರು ನಿನ್ನದೇ ಆಗಿತ್ತು, ಬೇಸಿಗೆಯಿಂದಲೂ. ಟ್ರಾನ್ಸ್‌ಫಾರ್ಮರ್ ಬಿಸಿಯಾಗದಂತೆ ನೀನು ಮಾಡುವ ಲೆಕ್ಕವನ್ನು ನಮ್ಮಲ್ಲಿ ಇನ್ಯಾರೂ ಮಾಡಲಾರರು. ನಿನಗೆ ಗೊತ್ತಿತ್ತು ತಾನೆ?”

ಶಿವಕುಮಾರ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

“ನಾಳೆ ನನ್ನ ಬದಲು ಸ್ಟಾಕ್‌ಹೋಮಿನಿಂದ ಒಬ್ಬರು ಬರುತ್ತಾರೆ. ಅವರಿಗೆ ಇಲ್ಲಿ ಯಾರ ಕೆಲಸವೂ ಗೊತ್ತಿಲ್ಲ. ಅವರು ಸೇರಿದ ದಿನಾಂಕ ನೋಡುತ್ತಾರೆ.” ಲೆನ್ನಾರ್ಟನ ಕಣ್ಣು ಕೆಂಪಾಗಿತ್ತು ಎಂದು ಶಿವಕುಮಾರ ಹೇಳಿದ. ನಾನದನ್ನು ನಂಬುತ್ತೇನೆ. “ನಾನು ನಿನ್ನ ಜೊತೆ ಹೊಡೆಯುವುದಕ್ಕೆ ಎಷ್ಟು ಖುಷಿಪಡುತ್ತಿದ್ದೆ ಗೊತ್ತಾ? ನೀನು ನಿಜವಾಗಿಯೂ ನನಗಿಂತ ಚೆನ್ನಾಗಿ ಹೊಡೆಯುತ್ತೀಯ.”

ಬುಧವಾರ ದಿನಾಂಕ ನೋಡಿದರು. ಸಂದೀಪ್ ಉಳಿದ.

ಸುದ್ದಿ ತಿಳಿದ ಹಯವದನ ಫೋನಿನಲ್ಲಿ ಬಹಳ ನೊಂದುಕೊಂಡ. “ಅಲ್ಲಾ ಶಿವು, ನೀನು ಅಷ್ಟ್ ಚೆನ್ನಾಗಿ ಕೆಲಸ ಮಾಡ್ತಿದ್ದೆ ಅಂತ ಮೊದ್ಲೇ ಹೇಳ್ಬಾರ್ದಾ? ಹಾಗಿದ್ರೆ ನಾನ್ ಯಾಕೆ ಈ ಐಡಿಯಾ ಕೊಡ್ತಿದ್ದೆ? ಪೂರ್ತಿ ಡೀಟೇಲ್ಸ್ ಕೊಡಲ್ಲ ನೀವುಗಳು, ಆಮೇಲೆ ನನ್ನನ್ನ ಅಂತೀರ.” ಬೀಳ್ಕೊಡುಗೆ ಸಮಾರಂಭಕ್ಕೆ ನಗರಸಭೆಯ ಸಭಾಂಗಣ ಸಿಗುತ್ತದೆಯೇ ಎಂದು ವಿಚಾರಿಸುವುದಾಗಿ ಭರವಸೆಯನ್ನೂ ಕೊಟ್ಟ. ಶಾಲು ಕೂಟದ ವತಿಯಿಂದ.

ನಾನು ಕೆಳಗಿಳಿದು ಹೋದಾಗ ನೀರಜಾ ದಾಗಿಸಿನಿಂದ ಬಂದು ಇನ್ನೂ ಕೋಟು ಬಿಚ್ಚಿರಲಿಲ್ಲ. ಐಶ್ವರ್ಯಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಒಳಗಿಂದ ಅವಳು ಯಾರೊಡನೆಯೋ ಸ್ವೀಡಿಷಿನಲ್ಲಿ ಅಳುತ್ತ ಮಾತಾಡುವುದು ಕೇಳುತ್ತಿತ್ತು. ಶಿವಕುಮಾರ ಎಲ್ಲವನ್ನೂ, ಲೆನ್ನಾರ್ಟ್ ಹೇಳಿದ ಮಾತುಗಳನ್ನೂ, ಮೊದಲಿನಿಂದ ಹೇಳಿದ. ನೀರಜಾ ಬೈಯುತ್ತಾಳೆಂದು ನಾವಿಬ್ಬರೂ ಕಾದೆವು. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ ಕೆಲಸ ಅಷ್ಟು ಚೆನ್ನಾಗಿತ್ತಾ?” ಎಂದಳು. “ನಂಗ್ ಒಂದ್ ದಿನಾನೂ ಹೇಳ್ಲಿಲ್ವಲ್ರೀ.”

ಶಿವಕುಮಾರ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

“ನಂಗೂ ಗೊತ್ತಿರ್ಲಿಲ್ಲ ಕಣೇ,” ಎಂದ.